ಮೇಲೇಳದ ಗೆರೆ

ಗುರುವಾರ, ಮಾರ್ಚ್ ೧೨
ಲ್ಯಾಬಿನಿಂದ

ನನ್ನ ಕಡ್ಡಿಮರಿಗೆ,

ಅಮ್ಮನ ಮುತ್ತುಗಳು. ನೀನು ಬಂದುಹೋಗಿ ತಿಂಗಳಾಗುತ್ತಾ ಬಂತು, ಅಮ್ಮ ಒಂದು ಸಾಲೂ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ಫೋನಿನಲ್ಲೇ ಮಾತಾಡೋಣ ಅಂತಿದ್ದೆ. ನೀನು ಎತ್ತುವುದಿಲ್ಲ. ನಿನ್ನ ಅಪ್ಪ ಒಂದೇ ಒಂದು ಸಲ ಎತ್ತಿದರು. "ಮತ್ತೆ ಕೈ ನೀಲಿ ಮಾಡಿ ಕಳಿಸಿದ್ದೀಯಲ್ಲ, ಈಗಲೂ ಬಿಡಲ್ವಾ ನೀನು?" ಅಂದು ಇಟ್ಟುಬಿಟ್ಟರು. ನಾನು ಚುಚ್ಚಿದ್ದು ಒಂದೇ ಸೂಜಿ, ಕಣೇ.

ಸೋಮವಾರ ನಿನ್ನ ಟಾನ್ಸಿಲ್ ತೆಗೆಯುತ್ತಾರೆ ಅಂತ ನಿನ್ನ ಅತ್ತೆ ಬಾಯಿಂದ ಗೊತ್ತಾಯಿತು. ಈ ಕಾಗದ ಅದಕ್ಕೇ. ಉಸಿರು ಬಿಗಿಹಿಡಿದು ಪೂರ್ತಿ ಓದು.

ಆವತ್ತು ನಮ್ಮ ಲ್ಯಾಬಿನಲ್ಲಿ ನಡೆದದ್ದು ನೆನಪಿದೆಯಾ? ರೋಗಿಯ ರಕ್ತ ನೋಡುವ ಮೊದಲು ಆರೋಗ್ಯವಂತರೊಬ್ಬರ ರಕ್ತ ಹಾಕಿ ಹೋಲಿಕೆ ಮಾಡುವುದು ನಮ್ಮ ಪದ್ಧತಿ. ಯಾವಾಗಲೂ ನಮ್ಮ ಲ್ಯಾಬಿನ ಡ್ರೈವರಣ್ಣನದೇ. ಆದರೆ ಅವನು ತಲೆನೋವಿಗೆ ಆಸ್ಪಿರಿನ್ ನುಂಗಿ ಬಂದಿದ್ದ, ಅದನ್ನು ನುಂಗಿದವರ ರಕ್ತ ನಮಗೆ ಹತ್ತು ದಿನ ಆಗಿಬರುವುದಿಲ್ಲ. ನೀನು ತೋಳು ಚಾಚಿ, "ಅಮ್ಮಾ, ನನ್ನದು ತಗೋ, ಪುಕ್ಕಟೆ" ಅಂದೆ.

ನಿನ್ನ ರಕ್ತವನ್ನು ಯಂತ್ರದಲ್ಲಿ ಮೆಲ್ಲಗೆ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ಪುಟ್ಟ ಗಾಜಿನ ನಳಿಗೆಗೆ ಹಾಕಿದೆ. ಪ್ಲೇಟ್‌ಲೆಟ್ಟುಗಳು ತೇಲುತ್ತಿರುವುದರಿಂದ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತದೆ. ರೀಏಜೆಂಟ್, ಅಂದರೆ ಪರೀಕ್ಷೆಯ ದ್ರವ, ಒಂದು ತೊಟ್ಟು ಬಿದ್ದರೆ ಅವು ಎಚ್ಚೆತ್ತು ಒಂದಕ್ಕೊಂದು ಅಂಟಿ ಗಂಟಾಗಬೇಕು. ಆಗ ನೀರು ತಿಳಿಯಾಗಿ ಬೆಳಕು ಆಚೆಗೆ ಹಾಯುತ್ತದೆ, ಪರದೆಯ ಮೇಲೆ ಗೆರೆ ಮೇಲೇಳುತ್ತದೆ. ಗಾಯವಾದಾಗ ರಕ್ತ ನಿಲ್ಲುವುದೂ ಹೀಗೆಯೇ.

ಮೊದಲು ಎಡಿಪಿ ಅನ್ನುವ ರೀಏಜೆಂಟ್ ಹಾಕಿದೆ, ಗೆರೆ ಅಲುಗಲಿಲ್ಲ. ಕೊಲಾಜೆನ್ ಹಾಕಿದೆ, ಇಲ್ಲ. ಅಡ್ರಿನಲಿನ್, ಅದೂ ಇಲ್ಲ. ನಾಲ್ಕನೆಯ ರಿಸ್ಟೊಸೆಟಿನ್‌ಗೆ ಮಾತ್ರ ಎದ್ದಿತು. ಮೊದಲ ಮೂರೂ ಆವತ್ತೇ ಬಂದ ಹೊಸ ಪೆಟ್ಟಿಗೆಯವು, ನಾಲ್ಕನೆಯದು ಹಳೆಯದು. ದಾರಿಯ ಬಿಸಿಲಿಗೆ ಪೆಟ್ಟಿಗೆಯೇ ಕೆಟ್ಟಿದೆ ಅಂತ ನಾನು ಕೂಗಾಡಿದೆ. ನಮ್ಮ ಡಾಕ್ಟರಮ್ಮ, "ರಕ್ತದ್ದೇ ತೊಂದರೆ ಇರಬಹುದಲ್ವಾ?" ಅಂದರು. "ನನ್ನ ಮಗಳ ರಕ್ತಕ್ಕೇನು ಧಾಡಿ?" ಅಂತ ಅವರ ಬಾಯಿ ಮುಚ್ಚಿಸಿದೆ. ಹೋಲಿಕೆಗೆ ಕೂತವರದು ಸರಿಯಿರಲೇಬೇಕು ಅನ್ನುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ. ಪೆಟ್ಟಿಗೆಯನ್ನು ವಾಪಸ್ ಕಳಿಸಲೆಂದು ಫ್ರಿಜ್ಜಿನ ಮೂಲೆಗೆ ತಳ್ಳಿದೆ.

ಇವತ್ತು ಬೆಳಿಗ್ಗೆ ಹಳೆಯ ದಾಸ್ತಾನು ಮುಗಿಯಿತು. "ಅದನ್ನೇ ಒಂದು ಸಲ ನೋಡೋಣ" ಅಂದರು ಡಾಕ್ಟರಮ್ಮ. ಅದೇ ಪೆಟ್ಟಿಗೆ, ಅದೇ ಶೀಶೆಗಳು, ಡ್ರೈವರಣ್ಣನ ರಕ್ತ. ಮೂರು ಗೆರೆಗಳೂ ಸರಸರನೆ ಮೇಲೇರಿದವು. ಅವನು "ಪಾಸಾದ್ನಾ ಅಕ್ಕಾ?" ಅಂತ ನಗುತ್ತಿದ್ದ. ಪೆಟ್ಟಿಗೆ ಕೆಟ್ಟೇ ಇರಲಿಲ್ಲ; ನಾನು ನಿನ್ನ ಗೆರೆಗಳ ಹಾಳೆಯನ್ನು ಹುಡುಕಿ ತೆಗೆದೆ. ಡಾಕ್ಟರಮ್ಮ ಚೀಟಿ ಬರೆಯಲು ಕೂತರು.

ಮೂರಕ್ಕೆ ಏಳದೆ ನಾಲ್ಕನೆಯದಕ್ಕೆ ಮಾತ್ರ ಏಳುವ ರಕ್ತ ಎಂಥದ್ದು ಅಂತ ನನಗೆ ಗೊತ್ತು, ಮಗಳೇ. ಹುಟ್ಟಿನಿಂದಲೇ ಬರುವುದು; ಪ್ಲೇಟ್‌ಲೆಟ್ಟುಗಳು ಬೇಕಾದಷ್ಟಿರುತ್ತವೆ, ಆದರೆ ಒಂದಕ್ಕೊಂದು ಅಂಟುವುದಿಲ್ಲ. ನಿನ್ನ ಮೂಗಿನಿಂದ ಸುರಿಯುತ್ತಿದ್ದ ರಕ್ತ, ಮುಗಿಯದ ಮುಟ್ಟು, ಎಲ್ಲಕ್ಕೂ ಅದೇ ಕಾರಣ ಇದ್ದೀತು. ಭಯ ಇರುವುದು ಮುಂದೆ. ಆಪರೇಷನ್‌ಗೆ ಮೊದಲು ಅಲ್ಲಿ ಪ್ಲೇಟ್‌ಲೆಟ್ ಎಣಿಸುತ್ತಾರೆ. ಎಣಿಕೆ ಸರಿಯಾಗಿಯೇ ಬರುತ್ತದೆ. "ಎಲ್ಲಾ ನಾರ್ಮಲ್" ಅಂತ ನಿನ್ನನ್ನು ಒಳಗೆ ಕರೆದೊಯ್ಯುತ್ತಾರೆ. ಗಂಟಲಲ್ಲಿ ಕತ್ತರಿ ಆಡಿದ ಮೇಲೆ ರಕ್ತ ನಿಲ್ಲುವುದಿಲ್ಲ.

ನಿನ್ನ ಅತ್ತೆಗೆ ಹೇಳಿನೋಡಿದೆ. "ಗಂಡ ಹೆಂಡ್ತಿ ಜಗಳಕ್ಕೆ ನನ್ನನ್ನ ಎಳೀಬೇಡ" ಅಂದಳು. ಅದಕ್ಕೇ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡದೆ ಬರಬೇಡ ಅಂದಿದ್ದೇನೆ. ಜೊತೆಗೆ ನಿನ್ನ ಗೆರೆಗಳ ಪ್ರತಿ, ಡಾಕ್ಟರಮ್ಮನ ಚೀಟಿ ಇವೆ. ನಿನ್ನ ಸರ್ಜನ್ನಿಗೆ ತೋರಿಸು. ರಕ್ತದ ಡಾಕ್ಟರು ಮತ್ತೆ ಪರೀಕ್ಷೆ ಮಾಡುವ ತನಕ ಚಾಕು ಮುಟ್ಟಿಸಿಕೊಳ್ಳಬೇಡ, ನೋವಿನ ಮಾತ್ರೆಯನ್ನೂ ನುಂಗಬೇಡ. ನನ್ನನ್ನು ನಂಬದಿದ್ದರೆ ಬೇಡ, ಗೆರೆಯನ್ನಾದರೂ ನಂಬು.

ಗಂಟಲು ನೋಯಲಿ, ದನಿ ಗೊಗ್ಗರಾಗಲಿ, ನೀನು ಚೆನ್ನಾಗಿರು. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ
ಅಮ್ಮ

ತಾ.ಕ.: ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನಿನ್ನ ಬೆನ್ನು, ತೋಳಿನ ಮೇಲಿನ ನೀಲಿ ಕಲೆಗಳನ್ನು ನೋಡಿ ಟೀಚರು ಅಪ್ಪನನ್ನು ಕರೆಸಿದರು. ಹೇಗಾಯಿತು ಅಂತ ಕೇಳಿದರೆ ನೀನು "ಗೊತ್ತಿಲ್ಲ" ಅಂದೆ. ನಿಜವಾಗಿ ಗೊತ್ತಿರಲಿಲ್ಲ, ಪಾಪ; ಇಂಥ ರಕ್ತದವರಿಗೆ ಸುಮ್ಮನೆ ತಾಕಿದರೂ ನೀಲಿಗಟ್ಟುತ್ತದೆ. ಅಂದು ಸಂಜೆಯೇ ಅಪ್ಪ ನಿನ್ನ ಬಟ್ಟೆ ಕಟ್ಟಿಕೊಂಡು ನಿನ್ನನ್ನು ಕರೆದುಕೊಂಡು ಹೋದರು. ನಾನು ನಿನ್ನ ಮೇಲೆ ಒಂದು ದಿನವೂ ಕೈ ಎತ್ತಿರಲಿಲ್ಲ, ಕಂದಾ. ಇಷ್ಟು ವರ್ಷ ಅದಕ್ಕೊಂದು ಸಾಕ್ಷಿಗಾಗಿ ಹಂಬಲಿಸಿದೆ. ಇವತ್ತು ಸಿಕ್ಕಿದೆ, ಈ ಲಕೋಟೆಯಲ್ಲೇ ಇದೆ. ಅದು ಸುಳ್ಳಾಗಲಿ ಅಂತ ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದೇನೆ. ಸುಳ್ಳಾದರೆ ಸಾಕು, ನಾನು ಹೊಡೆದವಳಾಗಿಯೇ ಇದ್ದುಬಿಡುತ್ತೇನೆ.