ಮಗ್ಗದ ಗದ್ದಲದಲ್ಲಿ ಒಂದಕ್ಷರ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಕುಳ್ಳೀ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ, ನಿಜವನ್ನೇ ಹೇಳಿಬಿಡುತ್ತೇನೆ: ಸಿಟ್ಟಿನಲ್ಲಿದ್ದೆ. ಎರಡು ಸಲ ಬರೆದು ಹರಿದು ಹಾಕಿದೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಹಾಗೇ ಇದೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೀನು ವರ್ಗವಾಗಿ ಹೋದ ಮೇಲೆ ಇಲ್ಲಿ ಮಿಲ್ಲಿನಲ್ಲಿ ನಿನ್ನ ಮಗ್ಗಕ್ಕೆ ದಪ್ಪನೆಯ ಹೆಂಗಸೊಬ್ಬಳು ಬಂದಿದ್ದಾಳೆ, ಒಳ್ಳೆಯವಳೇ. ಆದರೆ ನೂಲು ಹರಿದರೆ ಸಾಕು, "ಅಕ್ಕಾ, ಸ್ವಲ್ಪ ಇಲ್ಲಿ ಬಂದು ನೋಡ್ತೀರಾ?" ಎಂದು ಗಂಟಲು ಹರಿದುಕೊಳ್ಳುತ್ತಾಳೆ. ನೂರು ಮಗ್ಗಗಳ ಗದ್ದಲದಲ್ಲಿ ಬಾಯಿ ಆಡುವುದು ಕಾಣುತ್ತದೆ, ಅಷ್ಟೇ.

ನಮ್ಮದು ಎಷ್ಟು ಚೆನ್ನಾಗಿತ್ತು ಕಣೇ! ಉದ್ದ ಮಾತು ಆ ಸದ್ದಿನಲ್ಲಿ ಪುಡಿಯಾಗುತ್ತದೆ, ಒಂದಕ್ಷರವನ್ನು ಎಳೆದು ಕೂಗಿದರೆ ಮಾತ್ರ ದಾಟುತ್ತದೆ ಎಂದು ಕಂಡುಹಿಡಿದವಳು ನಾನು. ಮಿಲ್ಲಿನ ಓದುವ ಕೋಣೆಯಲ್ಲಿ ರಟ್ಟು ಕಿತ್ತುಹೋದ ಹಳೆಯ ನಿಘಂಟು ಮುಂದಿಟ್ಟುಕೊಂಡು ಒಂದಕ್ಷರದ ಮಾತು ಹೆಕ್ಕಿದ್ದು ಇಬ್ಬರೂ. ‘ಕಾ’ ಎಂದರೆ ನನ್ನ ಮಗ್ಗವನ್ನೂ ನೋಡಿಕೋ. ‘ಈ’ ಎಂದರೆ ನೂಲಿನ ಕಂಡಿಕೆ ಕೊಡು. ‘ನೋ’ ಎಂದರೆ ಸೊಂಟ ಬಿದ್ದುಹೋಯಿತು. ಊಟದ ಹೊತ್ತಿಗೆ ನೀನು ‘ಮೇ’ ಎಂದು ಕೂಗಿದರೆ ಮೇಸ್ತ್ರಿಗೂ ನಗು. ‘ಖ’ ಎಂದರೆ ಆಕಾಶ ಎಂದು ಓದಿದ ದಿನ ನೀನು, "ಅಯ್ಯೋ, ಅಷ್ಟು ದೊಡ್ಡದಕ್ಕೆ ಇಷ್ಟೇ ಇಷ್ಟು ಹೆಸರಾ!" ಎಂದೆ. ಅಂದಿನಿಂದ ಮಹಡಿಗೆ ಹೋಗಿ ಗಾಳಿ ಕುಡಿಯೋಣ ಎನ್ನುವುದಕ್ಕೆ ಅದೇ ನಮ್ಮ ಕರೆಯಾಯಿತು.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಆ ಮಿಲ್ಲಿನಲ್ಲಿ ಪಕ್ಕದ ಮಗ್ಗದ ಹುಡುಗಿಗೆ ಇದನ್ನೆಲ್ಲ ಕಲಿಸಿದೆಯಂತೆ. "ಮೂರೇ ವಾರಕ್ಕೆ ಕಲಿತಳು, ನಿನಗಿಂತ ಚುರುಕು" ಎಂದು ಬೇರೆ ಬರೆದಿದ್ದೀಯ. ಹೊಟ್ಟೆ ಉರಿಯಿತು ಕಣೇ, ಸುಳ್ಳೇಕೆ ಹೇಳಲಿ. ‘ಸೀ’ ಎಂದರೆ ಸಿಹಿ ಎಂದು ಅವಳೇ ಹುಡುಕಿ ತಂದಳಂತೆ. ಅದು ನನಗೆ ಹೋದ ವರ್ಷವೇ ಸಿಕ್ಕಿತ್ತು. ನಿನ್ನ ಹುಟ್ಟಿದ ದಿನಕ್ಕೆ ಹೇಳೋಣವೆಂದು ಕೂಡಿಟ್ಟುಕೊಂಡಿದ್ದೆ.

ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡರೆ, "ಮಾತಿಗೂ ಯಾರಾದ್ರೂ ಬೀಗ ಹಾಕ್ತಾರೇನೇ?" ಎಂದು ನಕ್ಕರು. ಹಾಕುತ್ತಾರೆ. ನಾನು ಹಾಕುತ್ತೇನೆ. ಅವಳಿಗೆ ‘ಕಾ’ ಕೊಡು, ‘ಈ’ ಕೊಡು, ಬೇಕಾದರೆ ‘ಮೇ’ಯನ್ನೂ ಕೊಡು. ಮಹಡಿಗೆ ಮಾತ್ರ ಕರೆಯಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಹತ್ತಿಯ ಧೂಳಿನಲ್ಲಿ ನಿಲ್ಲಬೇಡ. ನಿನ್ನ ಮಗ ಚೆನ್ನಾಗಿ ಓದಲಿ. ನನಗಿಂತ ಚಿಕ್ಕವಳು ನೀನು, ಸಿಟ್ಟಿದ್ದರೂ ಹರಸುತ್ತೇನೆ: ಸುಖವಾಗಿರು.

ನಿನ್ನ
ಬಡಕಲಕ್ಕ

ವಿ.ಸೂ.: ಕಾಗದ ಮಡಿಸಿದ್ದವಳು ಮತ್ತೆ ಬಿಚ್ಚಿದೆ. ಆ ಹುಡುಗಿ ಪಾಪ, ಅವಳದೇನೂ ತಪ್ಪಿಲ್ಲ. "ಮೇಲಿಂದ ವರ್ಗದ ಆರ್ಡರ್ ಬಂತು, ನಾನೇನ್ ಮಾಡ್ಲಿ ಅಕ್ಕಾ" ಎಂದು ನೀನು ಅತ್ತುಕೊಂಡು ಹೋದೆ. ನಿನ್ನ ಕಾಗದ ಬಂದ ವಾರವೇ ರಜೆ ಚೀಟಿ ಕೊಡಲು ಆಫೀಸಿಗೆ ಹೋದಾಗ ಗುಮಾಸ್ತರು, "ಅವರೇ ಕೇಳ್ಕೊಂಡು ಹೋಗಿದ್ದಲ್ವಾ?" ಎಂದರು. ನಾನು ಜಗಳಕ್ಕೇ ನಿಂತೆ. ಕೊನೆಗೆ ಅರ್ಜಿ ತೆಗೆದು ತೋರಿಸಿದರು. ನಿನ್ನದೇ ಕೈಬರಹ. ಯಾವ ಮಿಲ್ಲಿಗೆ ವರ್ಗ ಬೇಕು ಎಂಬ ಸಾಲಿನಲ್ಲಿ ನೀನು ಬರೆದಿದ್ದೆ: ‘ಎಲ್ಲಿಗಾದರೂ ಸರಿ.’

ನಾನೇನು ಮಾಡಿದೆನೇ? ಇದಕ್ಕೆ ಮಾತ್ರ ಉದ್ದವಾಗಿ ಬರಿ.