ಪಂಪ್ ಕೋಣೆಯ ಅಗುಳಿ

ಹುಬ್ಬತಲೈ,
9 ಫೆಬ್ರವರಿ 2025

ಶರತ್,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ. ಆದರೂ ಕೇಳುತ್ತೇನೆ, ಹೇಗಿದ್ದೀಯ? ಕಿವಿನೋವು ವಾಸಿಯಾಯಿತೆ? ಕಡಲಿನ ಆಳಕ್ಕೆ ಇಳಿದರೆ ಕಿವಿಯೊಳಗೆ ಸೂಜಿ ಆಡಿಸಿದಂತಾಗುತ್ತದೆ ಎಂದಿದ್ದೆ. ನಿನ್ನ ಅವ್ವೆ ಅದನ್ನೇ ನೆನೆದು ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಸೀಸೆಗೆ ತುಂಬಿಟ್ಟಿದ್ದಾಳೆ. ಇಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಹಾ ಚಿಗುರು ಕರಕಲಾಗಿದೆ. ನಾನು ಚೆನ್ನಾಗಿದ್ದೇನೆ, ಅಂದರೆ ಸಿಟ್ಟಿನಲ್ಲಿ ಎದ್ದು ಸಿಟ್ಟಿನಲ್ಲೇ ಮಲಗುವಷ್ಟು ಚೆನ್ನಾಗಿದ್ದೇನೆ. ಕಳೆದ ಸಲ ಮಾತಾಡಿದ ಮೇಲೆ ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲ. ಅದಕ್ಕೇ ರಿಜಿಸ್ಟರ್ ಅಂಚೆ. ಇದನ್ನು ಸಹಿ ಹಾಕಿಯೇ ತೆಗೆದುಕೊಳ್ಳಬೇಕು.

ಹೋದ ವಾರ ನೀನು ಫೋನಿನಲ್ಲಿ ಪಿಸುಗುಟ್ಟಿದ್ದನ್ನು ನಾನು ಬಿಡಿಸಿ ಬರೆಯುತ್ತೇನೆ. ಅಂಡಮಾನಿನ ಕಡಲಡಿಯಲ್ಲಿ ಮುಳುಗಿರುವ ಆ ಸರಕು ಹಡಗಿಗೆ, ನೀನು ದಿನಾ ಪ್ರವಾಸಿಗಳನ್ನು ಕರೆದೊಯ್ಯುವ ಹಡಗಿಗೆ, ಆ ದಿನ ನೀನೊಬ್ಬನೇ ಇಳಿದೆ. ಪಂಪ್ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು. ತುಕ್ಕು ಹಿಡಿದ ಅಗುಳಿಯನ್ನು ಸಲಾಕೆಯಿಂದ ಎಬ್ಬಿಸಿದೆ. ಟಾರ್ಚ್ ಬೆಳಕಿಗೆ ಮೂಳೆ ಕಂಡಿತು, ಮೂಳೆಗಳ ನಡುವೆ ಲಿಂಗದ ಬೆಳ್ಳಿ ಕರಡಿಗೆ. ಮುಚ್ಚಳದ ಒಳಗೆ ಕೆತ್ತಿದ ಹೆಸರು ನಿನ್ನ ಅಣ್ಣನದು. ಪ್ರಭು. ನನ್ನ ಗಂಡ.

ಆಮೇಲೆ ನೀನು ಮಾಡಿದ್ದೇನು? ಲಿಂಗ ನೀರಿನಲ್ಲಿ ಅನಾಥವಾಗಬಾರದು ಎಂದು ಕರಡಿಗೆಯನ್ನು ಮಾತ್ರ ಎತ್ತಿಕೊಂಡು ಬಂದೆ. "ಶಿವರಾತ್ರಿಗೆ ಬರುವಾಗ ತರ್ತೀನಿ ಅತ್ತಿಗೆ, ತೋಟದ ಅಂಚಲ್ಲಿ ಸದ್ದಿಲ್ಲದೆ ಮಣ್ಣು ಕೊಡೋಣ" ಎಂದೆ. ಭಕ್ತಿಯಂತೆ. ಹುಟ್ಟಿದಾಗ ಕಟ್ಟಿದ ಲಿಂಗ ಸತ್ತ ಮೇಲೂ ಅಂಗೈಯಲ್ಲೇ ಇರಬೇಕು, ಸತ್ತವನನ್ನು ಕೂರಿಸಿ ಸಮಾಧಿ ಮಾಡಬೇಕು. ಇದು ನಮ್ಮವರ ಪದ್ಧತಿ, ನಿನ್ನ ಎದೆಯ ಮೇಲೂ ಅದೇ ತೂಗುತ್ತಿದೆ. ಒಡಲು ಅಲ್ಲಿ ಕೊಳೆಯಲಿ, ಲಿಂಗಕ್ಕೆ ಇಲ್ಲಿ ಮಣ್ಣು ಬೀಳಲಿ ಎಂಬ ಅರೆಬರೆ ಸಮಾಧಿಯನ್ನು ಯಾವ ಅಯ್ಯನವರು ನಿನಗೆ ಹೇಳಿಕೊಟ್ಟರು?

ಈ ಭಕ್ತಿ ಹಡಗು ಕಂಪನಿಗೆ ಚೆನ್ನಾಗಿ ಒದಗುತ್ತದೆ. ಹಡಗು ಮುಳುಗಿದಾಗ ಅವರು ಹೇಳಿದ್ದೇನು? ಪ್ರಭು ಹಿಂದಿನ ಬಂದರಿನಲ್ಲೇ ಹಡಗಿನ ಕೆಲಸ ಬಿಟ್ಟು ಇಳಿದು ಓಡಿಹೋದ, ಹಡಗಿನಲ್ಲಿ ಇರಲೇ ಇಲ್ಲ. ಈಗ ಗೊತ್ತಾಯಿತಲ್ಲ. ನೀರು ಮುಂದಕ್ಕೆ ನುಗ್ಗದಿರಲಿ ಎಂದು ಆಳು ಒಳಗಿರುವಾಗಲೇ ಬಾಗಿಲು ಬಿಗಿದರು. ಹಡಗೂ ಉಳಿಯಲಿಲ್ಲ. ಸತ್ತವನಿಗೆ ಓಡಿಹೋದವನೆಂಬ ಹೆಸರು ಹೊರಿಸಿದರು. ಆ ಹೆಸರನ್ನು ಇಲ್ಲಿ ಹೊತ್ತವಳು ನಾನು. ನಾವು ಕಿತ್ತ ಚಹಾ ಎಲೆ ತೂಗುವ ಸೆಲ್ವಕುಮಾರ್ ಎಲ್ಲರೆದುರು, "ಏನಕ್ಕಾ, ಅಣ್ಣ ಹೊಸ ಸಂಸಾರದಿಂದ ವೀಡಿಯೊ ಕಾಲ್ ಮಾಡಿದ್ರಾ?" ಎಂದ. "ಮಾಡಿದ್ರು, ನಿನ್ನ ತಕ್ಕಡಿ ಇನ್ನೂ ಸುಳ್ಳು ಹೇಳ್ತದಾ ಅಂತ ಕೇಳಿದ್ರು" ಎಂದೆ. ಹೆಂಗಸರು ನಕ್ಕರು. ನಾನು ಮನೆಗೆ ಬಂದು ಗೋಡೆ ಗುದ್ದಿದೆ. ಅವ್ವೆ ಆ ಹೆಸರು ಬಂದಂದಿನಿಂದ ಒಂದು ಮದುವೆಗೂ ಹೋಗಿಲ್ಲ.

ನಿನ್ನ ಮುದಲಾಳಿಯ, ಆ ಡೈವಿಂಗ್ ಧಣಿಯ, ಮಾತನ್ನೂ ಹೇಳಿದೆಯಲ್ಲ, ಪೊಲೀಸರು ಬಂದರೆ ಡೈವಿಂಗ್ ನಿಲ್ಲುತ್ತದೆ, ಹುಡುಗರ ಅನ್ನ ಹೋಗುತ್ತದೆ ಎಂದು. ಟೀ ಫ್ಯಾಕ್ಟರಿ ಗೇಟಿನ ಮುಂದೆ ನಾವು ಧರಣಿ ಕೂತಾಗಲೂ ಇದನ್ನೇ ಕೇಳಿದ್ದೇವೆ. ಬಾಯಿ ಮುಚ್ಚಿಸಬೇಕಾದಾಗ ಮಾತ್ರ ಧಣಿಗೆ ಕೂಲಿಯವನ ಹಸಿವು ನೆನಪಾಗುತ್ತದೆ. ಅಣ್ಣನ ಮೂಳೆಯ ಪಕ್ಕದಲ್ಲೇ ಈಜುತ್ತೀಯ, ಬಣ್ಣದ ಮೀನು ತೋರಿಸುತ್ತೀಯ, ಜನ ಕೈ ಬೀಸಿ ಫೋಟೊ ತೆಗೆಸಿಕೊಳ್ಳುವಾಗ ಟಾರ್ಚ್ ಹಿಡಿಯುತ್ತೀಯ. ಸಿಲಿಂಡರಿನ ಗಾಳಿ ಗಂಟಲಲ್ಲಿ ಇಳಿಯುತ್ತದೆಯೆ? ಅಣ್ಣನನ್ನು ಹುಡುಕಿಯೇ ತೀರುತ್ತೇನೆ ಎಂದು ಈ ಕೆಲಸ ಹಿಡಿದವನು ನೀನು. ಹುಡುಕಿದೆ. ಈಗ ನೀನೇ ಬಚ್ಚಿಡುತ್ತಿದ್ದೀಯ.

ಕರಡಿಗೆಯನ್ನು ಊರಿಗೆ ತರಬೇಡ. ಅದನ್ನು ಹಿಡಿದು ಠಾಣೆಗೆ ಹೋಗು. ಬಾಗಿಲು, ಮೂಳೆ, ಹೊರಗಿನ ಅಗುಳಿ, ಎಲ್ಲ ಹೇಳು. ಅಗುಳಿಯನ್ನು ಎಬ್ಬಿಸಿದವನು ನೀನೇ ಎಂಬುದನ್ನೂ ಹೇಳು. ಸರ್ಕಾರ ಜನರನ್ನು ಇಳಿಸಿ ಅವನನ್ನು ಮೇಲೆ ತರಲಿ. ಪ್ರಭು ಕೆಲಸದ ಮೇಲೆ ಸತ್ತವನಾಗಿ ಹುಬ್ಬತಲೈಗೆ ಬರಬೇಕು. ಮಣ್ಣಿನ ಮಾತು ಆಮೇಲೆ.

ಅವ್ವೆಗೆ ಇನ್ನೂ ಹೇಳಿಲ್ಲ, ಹಾಗಾಗಿ ಅವಳ ಆಶೀರ್ವಾದವನ್ನು ಸುಳ್ಳೇ ಬರೆಯಲಾರೆ. ನನ್ನದು ಬೇಕಿದ್ದರೆ ಮೊದಲು ಠಾಣೆಯ ಮೆಟ್ಟಿಲು ಹತ್ತು.

ನಿನ್ನ ಅತ್ತಿಗೆ,
ರಮ್ಯಾ

ವಿ.ಸೂ.: ಲಕೋಟೆ ಅಂಟಿಸುತ್ತಿದ್ದಾಗ ಅವ್ವೆ ಬಂದು ಪಕ್ಕ ಕೂತಳು. ಅಂದು ನಾವು ಫೋನಿನ ಸ್ಪೀಕರಿನಲ್ಲಿ ಆಡಿದ್ದೆಲ್ಲ ಒಳಕೋಣೆಯಲ್ಲಿದ್ದ ಅವಳಿಗೆ ಕೇಳಿಸಿತ್ತಂತೆ. ಅಳಲಿಲ್ಲ. "ಎನ್ನ ಮಗ ಓಡಿದವ ಅಲ್ಲ. ಅದ ನಾನೇ ಹೋಗಿ ಹೇಳುವೆ" ಎಂದಳು. ಬೆಟ್ಟದ ಬುಡದ ಮೆಟ್ಟುಪಾಳ್ಯದ ಆಚೆ ಕಾಲಿಡದವಳು, ಈಗ ಕಡಲು ದಾಟುತ್ತಾಳಂತೆ. ನಾಳೆ ಇಬ್ಬರಿಗೂ ಚೆನ್ನೈಯಿಂದ ಹೊರಡುವ ಹಡಗಿಗೆ ಟಿಕೆಟ್ ಮಾಡಿಸುತ್ತೇನೆ. ಶಿವರಾತ್ರಿಗೆ ನೀನು ಬರಬೇಡ, ನಾವೇ ಬರುತ್ತೇವೆ. ಅಷ್ಟರೊಳಗೆ ನೀನು ಬಾಯಿ ಬಿಟ್ಟಿರದಿದ್ದರೆ ಅವಳು ಪ್ರವಾಸಿಗಳ ಜತೆ ನಿನ್ನ ದೋಣಿ ಹತ್ತುತ್ತಾಳೆ, ಕೆಳಗೆ ಮಲಗಿರುವವನು ಯಾರೆಂದು ಅವರಿಗೆ ಹೇಳುತ್ತಾಳೆ.