ಹನ್ನೊಂದರಲ್ಲಿ ಒಂದು ಟ್ರೇ

ಭಾನುವಾರ, ಹದಿನೇಳನೇ ತಾರೀಖು
ಅಂಗಡಿಯ ಮೇಜಿನಿಂದ

ಪ್ರೀತಿಯ ಟೀಚರಮ್ಮನಿಗೆ,

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನಿನ್ನನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಬರೆಯೋಣವೆಂದರೆ ಪೆನ್ನೂ ಹೊರಳುವುದಿಲ್ಲ. ಹಾಗಾಗಿ ಎಂದಿನಂತೆ ಟೀಚರಮ್ಮ ಅಂತಲೇ ಇರಲಿ. ನೀನು ಕ್ಷೇಮವೆಂದು ಮಗಳು ಹೇಳಿದಳು. ಭೂಗೋಳದ ಜೊತೆಗೆ ಲೆಕ್ಕದ ಪಾಠವನ್ನೂ ನಿನ್ನ ತಲೆಗೇ ಕಟ್ಟಿದ್ದಾರಂತೆ. ಒಳ್ಳೆಯವರ ತಲೆ ಸಿಕ್ಕಿದರೆ ಎಲ್ಲರಿಗೂ ಖುಷಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ತನಗೆ ಮನಸ್ಸು ಬಂದಾಗ ನಡೆಯುತ್ತದೆ. ಇಲ್ಲಿ ರಿಪೇರಿಗೆ ಬರುವ ಗಡಿಯಾರಗಳು ಅದಕ್ಕಿಂತ ವಾಸಿ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನಾಣ್ಯದ ವ್ಯಾಪಾರಿ ಊರಲ್ಲಿಲ್ಲ ಎಂದು ನಿನಗೆ ಎರಡು ಸಲ ಬರೆದಿದ್ದೆನಲ್ಲ, ಆತ ಎಲ್ಲೂ ಹೋಗಿರಲಿಲ್ಲ. ಅವನ ಅಂಗಡಿ ನನ್ನ ಅಂಗಡಿಯ ಎದುರಿಗೇ ಇದೆ ಎಂಬುದು ನಿನಗೂ ಗೊತ್ತು, ನನ್ನ ಧೈರ್ಯ ನೋಡು. ನಿನಗೆ ಆ ಕಾಗದ ಬರೆದ ದಿನವೇ ಅವನ ಜೊತೆ ಕೂತು ಚಹಾ ಕುಡಿದಿದ್ದೇನೆ. ನಾಲ್ಕು ತಿಂಗಳು ಹೀಗೆ ದೂಡಿದೆ.

ದೂಡಿದ್ದು ಯಾಕೆ ಎಂದು ನೀನು ಊಹಿಸಿಯೇ ಇರುತ್ತೀಯ. ನಿನ್ನ ಕಾಗದದಲ್ಲಿದ್ದದ್ದು ಆರೇ ಸಾಲು. ಮುಂದಿನ ವರ್ಷ ನಿವೃತ್ತಿ, ಕ್ವಾರ್ಟರ್ಸ್ ಬಿಡಬೇಕು. ಶಾಲೆಯ ಹಿಂದೆ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ, ಮುಂಗಡ ಕೊಡಬೇಕು. ನಾಣ್ಯಗಳನ್ನು ಮಾರಿ. ಹನ್ನೊಂದು ಟ್ರೇ ಇರುವುದನ್ನು ಒಂದೇ ಟ್ರೇಗೆ ಇಳಿಸಿ. ಯಾವುದು ಉಳಿಯಬೇಕೆಂದು ನೀವೇ ನೋಡಿ, ನಾನು ಆರಿಸಲು ಕೂತರೆ ಒಂದನ್ನೂ ಮಾರಲಾರೆ. ಅಷ್ಟೇ. ನೀನು ಬರೆಯದೆ ಬಿಟ್ಟ ಏಳನೇ ಸಾಲನ್ನು ನಾನೇ ಓದಿಕೊಂಡೆ: ಇನ್ನು ಅಲ್ಲಿಗೆ ಬರುವುದಿಲ್ಲ. ನಾಣ್ಯಕ್ಕೆ ಒಳ್ಳೆಯ ಬೆಲೆ ತಂದುಕೊಟ್ಟರೆ ನಿನ್ನನ್ನು ಕಳೆದುಕೊಳ್ಳುವವನು ನಾನೇ. ಅಂಥ ವ್ಯಾಪಾರಕ್ಕೆ ಯಾವ ಗಂಡಸು ಓಡಿ ಹೋಗುತ್ತಾನೆ ಹೇಳು.

ಕೊನೆಗೆ ಮಗಳು ಬಂದು ನನ್ನ ಕಿವಿ ಹಿಂಡಿದಳು. ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ ಅವಳಿಗೆ ಎಲ್ಲರೂ ರೋಗಿಗಳ ಹಾಗೆಯೇ ಕಾಣುತ್ತಾರೆ. ಔಷಧಿ ಕುಡಿಸುವ ದನಿಯಲ್ಲೇ, "ಅಪ್ಪಾ, ಆ ಮನೆ ಅಮ್ಮನ ಕೈ ತಪ್ಪಿ ಹೋದ್ರೆ ನಾನು ನಿನ್ನ ಜೊತೆ ಮಾತಾಡಲ್ಲ, ನೋಡು" ಅಂದಳು. ಮಾತಾಡದಿರುವುದರಲ್ಲಿ ನಿಮ್ಮ ವಂಶಕ್ಕೆ ಎಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತು. ಮರುದಿನವೇ ಟ್ರೇಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆ ದಾಟಿದೆ.

ಮೊದಲ ನಾಲ್ಕು ಟ್ರೇಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ನೀನು ಹತ್ತು ದಿನದ ತರಬೇತಿಗೆ ಹೋಗಿದ್ದಾಗ ನಾನು ತಿಕ್ಕಿ ತೊಳೆದು ಫಳಫಳ ಮಾಡಿಟ್ಟ ನೂರ ಅರವತ್ತು ನಾಣ್ಯಗಳು. ನನ್ನ ಕಸುಬೇ ಅಂಥದ್ದು: ಯಾವ ಗಡಿಯಾರ ಬಂದರೂ ಮೊದಲು ಬಿಚ್ಚು, ಪೆಟ್ರೋಲಿನಲ್ಲಿ ತೊಳೆ, ಬ್ರಶ್ ಹಾಕು, ಆಮೇಲೆ ಮುಂದಿನ ಮಾತು. ಹುಟ್ಟುಗುಣ ಸುಟ್ಟರೂ ಹೋಗದು. ಹಳೆಯ ನಾಣ್ಯದ ಮೇಲಿನ ಕಪ್ಪು ಕೊಳೆಯಲ್ಲ, ಅದರ ವಯಸ್ಸು, ಅದು ಹೋದರೆ ನಾಣ್ಯವೇ ಹೋದಂತೆ ಎಂಬುದು ನನಗೆ ಗೊತ್ತಿರಲಿಲ್ಲ. ಇದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀನು ಇಪ್ಪತ್ತಾರು ವರ್ಷ ಕೂಡಿಸಿದ್ದಕ್ಕೆ ನನ್ನ ಬ್ರಶ್‌ಗೆ ನಾಲ್ಕು ದಿನ ಸಾಕಾಯಿತು. ನೀನು ಬಂದೆ, ಮುಚ್ಚಳ ತೆಗೆದೆ, "ಎಷ್ಟು ಹೊಳೀತಿವೆ" ಅಂದೆ, ಮುಚ್ಚಳ ಹಾಕಿದೆ, ಊಟವಾಯಿತೇ ಎಂದು ಕೇಳಿದೆ. ತಿಂಗಳೊಳಗೆ ವರ್ಗಾವಣೆಯ ಅರ್ಜಿ ಹಾಕಿದೆ. ಅವತ್ತು ನೀನು ಒಂದು ಟ್ರೇಯನ್ನು ನನ್ನ ತಲೆಯ ಮೇಲೆ ಬಡಿದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವ್ಯಾಪಾರಿ ಆ ನಾಲ್ಕು ಟ್ರೇಗಳನ್ನು ನೋಡಿ ಮುಚ್ಚಳಗಳನ್ನು ಒಂದೊಂದಾಗಿ ಹಾಕಿದ. ನೆಂಟರ ಮನೆಯಲ್ಲಿ ಸಾವಾದಾಗ ಮುಖಕ್ಕೆ ಬಟ್ಟೆ ಎಳೆಯುವ ಹಾಗೆ. ಆಮೇಲೆ ವ್ಯಾಪಾರದ ಬುದ್ಧಿ ಬಂತು. "ಅಣ್ಣಾ, ಹೊಸಬ್ರಿಗೆ ಇದೆಲ್ಲ ತಿಳಿಯಲ್ಲ. ಹೊಳಪು ಕಂಡ್ರೆ ಕಣ್ಣು ಮುಚ್ಕೊಂಡು ತಗೋತಾರೆ. ನಾನು ದಾಟಿಸ್ತೀನಿ ಬಿಡಿ" ಅಂದ. ಬೇಡವೆಂದೆ. ನಿನ್ನ ನಾಣ್ಯಗಳು ಇನ್ನೊಬ್ಬರಿಗೆ ಮೋಸವಾಗಿ ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ. ಅವು ನನ್ನ ಹತ್ತಿರವೇ ಇರಲಿ. ಪ್ರತಿಯೊಂದರ ಚೀಟಿಯ ಮೇಲೂ 'ತಿಕ್ಕಿದ್ದು' ಎಂದು ಬರೆದಿದ್ದೇನೆ. ನೂರ ಅರವತ್ತು ಸಲ ಬರೆಯುವ ಹೊತ್ತಿಗೆ ಕೈ ನೋಯುತ್ತಿತ್ತು, ನೋಯಲಿ ಎಂದುಕೊಂಡೆ.

ಉಳಿದದ್ದು ಏಳು ಟ್ರೇ. ಅವುಗಳಲ್ಲಿ ಒಂದು ಟ್ರೇಯಷ್ಟನ್ನು ಆರಿಸಬೇಕು. "ಒಂದೇ ದಾರಿ ಹಿಡೀರಿ. ಹಡಗಿನ ಚಿತ್ರ ಇರೋದು ಮಾತ್ರ, ಇಲ್ಲಾ ಬೆಳ್ಳಿ ಮಾತ್ರ, ಇಲ್ಲಾ ತೂತು ನಾಣ್ಯ ಮಾತ್ರ. ಎಲ್ಲದ್ರಲ್ಲೂ ಒಂದೊಂದು ಇಟ್ಕೊಂಡ್ರೆ ಅದು ಸಂಗ್ರಹ ಅಲ್ಲ, ಚಿಲ್ಲರೆ" ಎಂದು ವ್ಯಾಪಾರಿ ಬುದ್ಧಿ ಹೇಳಿದ. ಮಾತು ಸರಿಯೆನಿಸಿತು. ಹಡಗುಗಳನ್ನು ಜೋಡಿಸಿದೆ. ನೋಡಲು ಚೆನ್ನಾಗಿತ್ತು, ಆದರೆ ಯಾವುದೋ ಅಂಗಡಿಯ ಗಾಜಿನ ಕಪಾಟಿನ ಹಾಗೆ ಚೆನ್ನಾಗಿತ್ತು. ನೀನು ಅದರಲ್ಲಿ ಇರಲಿಲ್ಲ.

ಆಗ ಚೀಟಿಗಳನ್ನು ಓದಲು ಕೂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಅವನ್ನು ಒಮ್ಮೆಯೂ ಓದಿರಲಿಲ್ಲ ಎಂದರೆ ನನಗೆ ನನ್ನ ಮೇಲೇ ನಾಚಿಕೆ. ಪ್ರತಿ ನಾಣ್ಯದ ಕೆಳಗೂ ಬೆರಳಗಲದ ಕಾಗದ, ಇರುವೆ ಸಾಲಿನಂಥ ನಿನ್ನ ಅಕ್ಷರ. ತೂಕ, ವರ್ಷ, ಸಿಕ್ಕಿದ ಜಾಗ. ಒಂದರ ಮೇಲೆ 'ಮಗಳ ಜ್ವರ ಬಿಟ್ಟ ದಿನ' ಎಂದಿದೆ. ಒಂಬತ್ತರ ಮೇಲೆ 'ಇವರು ತಂದದ್ದು' ಎಂದಿದೆ. ಗಿರಾಕಿಗಳು ಕೊಟ್ಟ ಹಳೆಯ ಚಿಲ್ಲರೆಯಲ್ಲಿ ವಿಚಿತ್ರವಾದದ್ದೇನಾದರೂ ಸಿಕ್ಕಿದರೆ ಜೇಬಿಗೆ ಹಾಕಿಕೊಂಡು ಬರುತ್ತಿದ್ದೆನಲ್ಲ, ಅವು. ಆ ಒಂಬತ್ತನ್ನು ಮೊದಲ ಸಾಲಿನಲ್ಲಿಟ್ಟು ಸ್ವಲ್ಪ ಹೊತ್ತು ಉಬ್ಬಿದೆ. ಆಮೇಲೆ, ನೀನು ಮುಚ್ಚಳ ತೆಗೆದಾಗಲೆಲ್ಲ ನನ್ನ ಗುಣಗಾನವೇ ಕಾಣಬೇಕು ಅನ್ನುವುದು ಎಂಥ ಕೆಟ್ಟ ಆಸೆ ಎನಿಸಿ ತೆಗೆದಿಟ್ಟೆ.

ಕೆಲವು ಚೀಟಿಗಳ ತುದಿಯಲ್ಲಿ ಎರಡೇ ಪದ: 'ಮತ್ತೆ ನೋಡಬೇಕು'. ಒಂದು ನಾಣ್ಯದ ಅಕ್ಷರ ತಿರುಗುಮುರುಗಾಗಿದೆ, ಯಾಕೆ? ಇನ್ನೊಂದರ ರಾಣಿಗೆ ಕಿವಿಯೋಲೆಯೇ ಇಲ್ಲ, ಯಾಕೆ? ಅವನ್ನೆಲ್ಲ ಪಕ್ಕಕ್ಕಿಟ್ಟು ಎಣಿಸಿದರೆ ಮೂವತ್ತೊಂಬತ್ತು. ಪೂರ್ತಿಯಾದ ಸಾಲುಗಳಿಗೆ ಬೆಲೆ ಹೆಚ್ಚು, ಆದರೆ ಅವುಗಳ ಜೊತೆ ನಿನ್ನ ಮಾತು ಮುಗಿದಿದೆ. ಇವುಗಳ ಜೊತೆ ಮುಗಿದಿಲ್ಲ. ಉಳಿಯಬೇಕಾದವು ಇವೇ ಎಂದು ನನಗೆ ಅನುಮಾನವಿಲ್ಲದೆ ತಿಳಿಯಿತು. ನಲವತ್ತು ಕುಳಿಯ ಟ್ರೇಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು.

ಒಂದರಲ್ಲಿ ಮಾತ್ರ ಸಿಕ್ಕಿಬಿದ್ದೆ. ಚುಕ್ಕಾಣಿ ಇಲ್ಲದ ಹಡಗಿನ ಬೆಳ್ಳಿ ನಾಣ್ಯ. 'ಚುಕ್ಕಾಣಿ ಎಲ್ಲಿ? ಮತ್ತೆ ನೋಡಬೇಕು' ಎಂದು ಬರೆದಿದ್ದೀಯ. ವ್ಯಾಪಾರಿ ಅದನ್ನು ಕೈಗೆತ್ತಿಕೊಂಡವನು ಕೆಳಗಿಡಲೇ ಇಲ್ಲ. ಇಂಥ ತಪ್ಪಿರುವ ನಾಣ್ಯ ಅಪರೂಪವೆಂದು ಅದೊಂದಕ್ಕೆ ಎರಡು ಟ್ರೇಗಳ ಬೆಲೆ ಹೇಳಿದ. ಮಾರಿದ ಆರು ಟ್ರೇಗಳ ಹಣದ ಜೊತೆ ಅದನ್ನೂ ಕೊಟ್ಟರೆ ನಿನ್ನ ಮುಂಗಡ ತುಂಬುತ್ತದೆ, ಕೊಡದಿದ್ದರೆ ತುಂಬುವುದಿಲ್ಲ. ಟೀಚರಮ್ಮ, ಆ ನಾಣ್ಯವನ್ನು ಮೇಜಿನ ಮೇಲಿಟ್ಟುಕೊಂಡು ನಾನು ಮೂರು ದಿನ ಒಬ್ಬರ ಗಡಿಯಾರವನ್ನೂ ಮುಟ್ಟಲಿಲ್ಲ. ಎಷ್ಟು ಸುಲಭವಾಗಿತ್ತು ಗೊತ್ತೇ. ನಿನಗೆ ಪ್ರಿಯವಾದದ್ದೆಂದು ಉಳಿಸಿದೆ, ಏನು ಮಾಡಲಿ, ಹಣ ಸಾಲಲಿಲ್ಲ ಎಂದು ಬರೆದರೆ ನೀನು ನಂಬುತ್ತಿದ್ದೆ. ಮನೆ ಇನ್ನೊಬ್ಬರ ಪಾಲಾಗುತ್ತಿತ್ತು. ಮುಂದಿನ ವರ್ಷ ಪೆಟ್ಟಿಗೆ ಹಿಡಿದು ನೀನು ಇದೇ ಬಾಗಿಲಿಗೆ ಬರುತ್ತಿದ್ದೆ. ಬಂದು, ಊಟವಾಯಿತೇ ಎಂದು ಕೇಳುತ್ತಿದ್ದೆ. ಬೇರೆ ದಾರಿಯಿಲ್ಲದೆ ಬಂದ ನಿನ್ನ ಮುಖವನ್ನು ಎದುರಿಗಿಟ್ಟುಕೊಂಡು ಉಣ್ಣುವುದು ನನ್ನಿಂದಾಗದು ಎನಿಸಿತು. ನಾಲ್ಕನೇ ದಿನ ಕೊಟ್ಟುಬಂದೆ.

ಕೊಡುವ ಮೊದಲು ನನ್ನ ಕಣ್ಣಿನ ಭೂತಗನ್ನಡಿ ಹಾಕಿ ನೋಡಿದೆ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡಿದ್ದೇನೆ. ಚುಕ್ಕಾಣಿ ನಾಣ್ಯ ಒತ್ತುವ ಅಚ್ಚಿನಲ್ಲಿತ್ತು. ಕೂದಲೆಳೆಯಷ್ಟು ಗುರುತು ನಾಣ್ಯದ ಮೇಲೆ ಇನ್ನೂ ಇದೆ. ಅಚ್ಚಿನ ಆ ಸಂದಿಯಲ್ಲಿ ಜಿಡ್ಡು ತುಂಬಿಕೊಂಡಿತ್ತು, ಅಲ್ಲಿಗೆ ಬೆಳ್ಳಿ ಇಳಿಯಲಿಲ್ಲ. ನನ್ನ ಮೇಜಿನ ಮೇಲೆ ದಿನವೂ ನೋಡುವ ಜಿಡ್ಡು ಅದು, ನಾನು ತಪ್ಪುವುದಿಲ್ಲ. ಯಾವನೋ ಕೆಲಸಗಾರ ಅಚ್ಚನ್ನು ಒರೆಸದೆ ಬಿಟ್ಟದ್ದರಿಂದ ಆ ಒಂದು ನಾಣ್ಯಕ್ಕೆ ಅಷ್ಟು ಬೆಲೆ ಬಂತು. ನಾನು ಒರೆಸಿದ್ದರಿಂದ ನೂರ ಅರವತ್ತರ ಬೆಲೆ ಹೋಯಿತು. ವ್ಯಾಪಾರಿಗೆ ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ಉತ್ತರವನ್ನು ಚೀಟಿಯ ಹಿಂದೆ ಬರೆದಿದ್ದೇನೆ. ನಾಣ್ಯ ಹೋದರೂ ಚೀಟಿ ಟ್ರೇಯಲ್ಲಿದೆ.

ಹಣವನ್ನು ಮೊನ್ನೆಯೇ ನಿನ್ನ ಬ್ಯಾಂಕಿಗೆ ಕಟ್ಟಿದ್ದೇನೆ. ಮುಂಗಡ ಕೊಟ್ಟು ರಸೀದಿ ಪಡೆದೆಯೆಂದು ನಿನ್ನೆ ಮಗಳು ಹೇಳಿದಳು. ಒಳ್ಳೆಯದಾಯಿತು. ಗೋಡೆಗೆ ತೇವ ಇದೆಯೇ ಎಂದು ಕೈಯಿಟ್ಟು ನೋಡು. ಮನೆ ಮಾರುವವರು ಮೊದಲು ಬಣ್ಣ ಬಳಿಸುತ್ತಾರೆ. ಕೊಳಾಯಿಗಳನ್ನೆಲ್ಲ ಒಮ್ಮೆ ತಿರುಗಿಸಿ ನೋಡು. ಟ್ರೇಯನ್ನು ಮುಂದಿನ ವಾರ ಮಗಳೇ ತಂದುಕೊಡುತ್ತಾಳೆ, ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ. ನಾನು ತರಬಹುದಿತ್ತು. ನೀನು ಕರೆದಿಲ್ಲ.

ಮೈ ಬಗ್ಗೆ ಗಮನವಿರಲಿ. ಲೆಕ್ಕದ ಪಾಠವನ್ನು ಬೇರೆಯವರಿಗೆ ಕೊಡಲು ಹೇಳು.

ನಿನ್ನ
ಗಡಿಯಾರದವನು

ತಾ.ಕ.: ಕಾಗದ ಮಡಿಸಿ, ಮತ್ತೆ ಬಿಡಿಸಿದೆ. ಮೇಲೆ 'ನನಗೆ ಗೊತ್ತಿರಲಿಲ್ಲ' ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಎರಡು ವರ್ಷ ಹೇಳಿ ಹೇಳಿ ಬರೆಯುವ ಕೈಗೂ ರೂಢಿಯಾಗಿಬಿಟ್ಟಿದೆ. ನನಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲೇ ನೀನು ಹೇಳಿದ್ದೆ, ಇನ್ನೊಮ್ಮೆ ನನ್ನ ಮಣಿಕಟ್ಟು ಹಿಡಿದು ಹೇಳಿದ್ದೆ. ಆ ತರಬೇತಿಯ ದಿನಗಳಲ್ಲಿ ನೀನು ಸಂಜೆ ಫೋನ್ ಮಾಡಿ ಮೊದಲು ಕೇಳುತ್ತಿದ್ದದ್ದು, ಟ್ರೇಗಳ ಮುಚ್ಚಳ ಹಾಕಿದ್ದೀರಾ ಎಂದು. ಆಮೇಲೆ ನನ್ನ ಕ್ಷೇಮ. ಹೊಟ್ಟೆಕಿಚ್ಚು, ಬೇರೇನಲ್ಲ, ಐವತ್ತೈದು ವರ್ಷದ ಗಂಡಸಿಗೆ ನಾಣ್ಯದ ಮೇಲೆ ಹೊಟ್ಟೆಕಿಚ್ಚು. ಮೊದಲ ಟ್ರೇ ಮುಗಿಸಿದಾಗಲೇ ಹಾಳಾದದ್ದು ಕಣ್ಣಿಗೆ ಕಂಡಿತು. ಕಂಡೂ ಇನ್ನು ಮೂರನ್ನು ತಿಕ್ಕಿದೆ. ಮನೆ ನಿನ್ನದಾಗುವವರೆಗೆ ಇದನ್ನು ಬರೆಯಬಾರದೆಂದಿದ್ದೆ, ನಿನ್ನನ್ನು ವಾಪಸ್ ಕರೆಯಲು ಹೂಡಿದ ಆಟವೆಂದು ನಿನಗೆ ಅನಿಸಬಾರದಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳಿದಾಗಲೆಲ್ಲ ನೀನು "ಇರಲಿ ಬಿಡಿ" ಅನ್ನುತ್ತಿದ್ದೆ. ಈ ಸಲ ಹಾಗನ್ನಬೇಡ. ಬೈದು ಒಂದು ಕಾಗದ ಬರಿ.